ನಿಂಬೆ ಹಿಂಡುವ ಹೊತ್ತು

ಯುಗಾದಿ ಕಳೆದ ಎಂಟು ದಿನಕ್ಕೆ ರಾಮನವಮಿ. ಈ ಸಲ ಹೋಳಿಗೆಯ ಬಾಣಲೆ ಇನ್ನೂ ತೊಳೆದಿರಲಿಲ್ಲ, ಮೊಮ್ಮಗಳ ಫೋನು ಬಂತು. "ಅಜ್ಜಿ, ನಮ್ಮ ಅಪಾರ್ಟ್‌ಮೆಂಟಿನ ಐವತ್ತು ಜನಕ್ಕೆ ಪಾನಕ ನಾನೇ ಮಾಡ್ತೀನಿ ಅಂತ ಒಪ್ಪಿಕೊಂಡುಬಿಟ್ಟೆ. ಎಷ್ಟು ನಿಂಬೆಹಣ್ಣು ತರಬೇಕು?" ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಯಾವಾಗ ಹಿಂಡಬೇಕು ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಮದುವೆಯಾಗಿ ಬಂದ ಎರಡನೆಯ ವರ್ಷ. ಮನೆಯಲ್ಲಿ ಸತ್ಯನಾರಾಯಣ ಪೂಜೆ. ಸೊಸೆ ಚುರುಕು ಅನ್ನಿಸಿಕೊಳ್ಳಬೇಕೆಂದು ಹಿಂದಿನ ರಾತ್ರಿಯೇ ಅರವತ್ತು ನಿಂಬೆಹಣ್ಣು ಕೂತು ಹಿಂಡಿದೆ. ಸಿಪ್ಪೆ ತಿರುಚಿ ತಿರುಚಿ ಕೊನೆಯ ಹನಿಯನ್ನೂ ಬಿಡಲಿಲ್ಲ. ಹಿತ್ತಾಳೆ ಕೊಳಗದಲ್ಲಿ ಮುಚ್ಚಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ರಸ ಕಹಿ, ಕೊಳಗದ ಅಂಚಿಗೆ ಹಸಿರು. ಅತ್ತೆ ಒಂದು ಮಾತೂ ಆಡಲಿಲ್ಲ. ಒಳಗೆ ಹೋಗಿ ಗಡಿಗೆಯ ಮೊಸರು ಕಡೆದು ಮಜ್ಜಿಗೆ ಮಾಡಿ ತಂದರು. ಬೈದಿದ್ದರೆ ಮರೆತುಹೋಗುತ್ತಿತ್ತೇನೋ.

ಮೊಮ್ಮಗಳಿಗೆ ಫೋನಿನಲ್ಲಿ ಹೇಳಿದ್ದು, ಹೇಳಲು ಮರೆತದ್ದು ಎರಡೂ ಕೆಳಗಿವೆ. ರಾಮನವಮಿಗೆ ಮಾತ್ರವಲ್ಲ, ಗೃಹಪ್ರವೇಶ, ನಾಮಕರಣ, ಸಂಕ್ರಾಂತಿ, ಹೊಸ ವರ್ಷಕ್ಕೆ ಮನೆಗೆ ನಾಲ್ಕು ಜನ ಬಂದಾಗಲೂ ಆದೀತು.

• ಮೊದಲು ಲೆಕ್ಕ. ಐವತ್ತು ಜನರಲ್ಲಿ ಅರ್ಧ ಜನ ಎರಡನೇ ಲೋಟ ಕೇಳುತ್ತಾರೆ. ಕೇಳದಿದ್ದರೆ ನಿಮ್ಮ ಪಾನಕ ಚೆನ್ನಾಗಿಲ್ಲ ಎಂದೇ ತಿಳಿಯಿರಿ. 150 ಮಿಲಿಲೀಟರ್ ಲೋಟವಾದರೆ 12 ಲೀಟರ್ ಸಾಕು. ಅದಕ್ಕೆ ಒಂದೂವರೆ ಕೆ.ಜಿ. ಬೆಲ್ಲ, 20 ನಿಂಬೆಹಣ್ಣು, 30 ಏಲಕ್ಕಿ, ಎರಡು ಟೀ ಚಮಚ ಕಾಳುಮೆಣಸು, ಎರಡು ಟೀ ಚಮಚ ಒಣಶುಂಠಿ ಪುಡಿ, ಒಂದು ಚಿಟಿಕೆ ಉಪ್ಪು. ಉಪ್ಪು ಬಿಡಬೇಡಿ. ಅದು ಉಪ್ಪಿನ ರುಚಿಗಲ್ಲ, ಬೆಲ್ಲದ ರುಚಿ ಮೇಲೆ ಬರಲಿ ಅಂತ.

• ಪಾನಕಕ್ಕೆ ನಿಂಬೆ ಹಾಕುವುದೇ ತಪ್ಪು, ಬೆಲ್ಲ, ಮೆಣಸು, ಏಲಕ್ಕಿ ಇಷ್ಟೇ ಎನ್ನುವ ಮನೆಗಳಿವೆ. ನಿಂಬೆಯ ಬದಲು ಹುಣಿಸೆಹಣ್ಣು ಕಿವುಚುವ ಮನೆಗಳೂ ಇವೆ. ಜಗಳ ಬೇಡ. ನೈವೇದ್ಯಕ್ಕೆ ಒಂದು ತಂಬಿಗೆ ಅವರವರ ಪದ್ಧತಿಯಂತೆ ತೆಗೆದಿಟ್ಟು ಉಳಿದದ್ದಕ್ಕೆ ನಿಂಬೆ ಹಿಂಡಿ.

• ಬೆಲ್ಲ ನೋಡಲು ಚೆಂದವಿದ್ದರೆ ಅನುಮಾನಪಡಿ. ಹಳದಿಯಾಗಿ, ಚಿನ್ನದ ಗಟ್ಟಿಯಂತೆ ಹೊಳೆಯುವ ಬೆಲ್ಲಕ್ಕೆ ಬಣ್ಣ ತಿಳಿಯಾಗಲು ಹೈಡ್ರೋಸ್ ಎಂಬ ರಾಸಾಯನಿಕ ಹಾಕಿರುವುದುಂಟು. ಮಂಡ್ಯ ಕಡೆಯ ಆಲೆಮನೆಗಳಲ್ಲಿ ರಾಸಾಯನಿಕ ಹಾಕದೆ ತೆಗೆದ ಬೆಲ್ಲ ಕಂದುಬಣ್ಣದ್ದು. ಪಾನಕಕ್ಕೆ ಅದೇ ಬೇಕು. ಹಿಂದಿನ ರಾತ್ರಿ ಮೂರು ಲೀಟರ್ ಬೆಚ್ಚನೆಯ ನೀರಿನಲ್ಲಿ ಕರಗಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಆರಿಸಿ ಫ್ರಿಜ್ಜಿನಲ್ಲಿಡಿ. ಸೋಸಿದ ಬಟ್ಟೆಯಲ್ಲಿ ಉಳಿಯುವ ಮರಳು, ಕಬ್ಬಿನ ಸಿಪ್ಪೆ ನೋಡಿದರೆ ಮತ್ತೆಂದೂ ಸೋಸದೆ ಬಿಡುವುದಿಲ್ಲ ನೀವು. ರಾತ್ರಿಯೇ ಮಾಡಿಡಬಹುದಾದ ಕೆಲಸ ಇದೊಂದೇ. ಸಿಹಿ ಕಾಯುತ್ತದೆ, ಹುಳಿ ಕಾಯುವುದಿಲ್ಲ.

• ಏಲಕ್ಕಿ, ಮೆಣಸು ಬೆಳಿಗ್ಗೆ ಕುಟ್ಟಿ. ಮೆಣಸು ತರಿತರಿಯಾಗಿರಲಿ, ನುಣ್ಣಗಾದರೆ ಗಂಟಲಲ್ಲಿ ಕೂರುತ್ತದೆ. ಮಕ್ಕಳ ಪಾಲಿಗೆ ಮೆಣಸು ಬೀಳುವ ಮೊದಲೇ ಒಂದು ಜಗ್ಗು ಬೇರೆ ಇಟ್ಟುಕೊಳ್ಳಿ.

• ಪರಿಮಳಕ್ಕೆಂದು ಕೆಲವರು ಪಾನಕಕ್ಕೆ ಹಾಕುವ ಪಚ್ಚಕರ್ಪೂರದ ವಿಷಯದಲ್ಲಿ ತಮಾಷೆ ಬೇಡ. ಆರತಿಗೆ ಹಚ್ಚುವ ಕರ್ಪೂರ ತಿನ್ನುವ ವಸ್ತುವಲ್ಲ, ಹೊಟ್ಟೆಗೆ ಹೋದರೆ ವಿಷ. ದೇವರ ಮನೆಯ ಡಬ್ಬಿಗೆ ಕೈ ಹಾಕಿ ಒಂದು ಬಿಲ್ಲೆ ಪಾನಕಕ್ಕೆ ಪುಡಿ ಮಾಡಿದವರನ್ನು ಕಂಡಿದ್ದೇನೆ, ಸಮಯಕ್ಕೆ ಕೈ ಹಿಡಿದಿದ್ದೇನೆ. ಅಂಗಡಿಯಲ್ಲಿ ತಿನ್ನುವ ಪಚ್ಚಕರ್ಪೂರ ಎಂದೇ ಕೇಳಿ ತಂದಿದ್ದರೂ ಇಡೀ ಕೊಳಗಕ್ಕೆ ಸಾಸಿವೆಕಾಳಿನಷ್ಟು. ನಾನು ಅದನ್ನು ಬಿಟ್ಟೇ ಹತ್ತು ವರ್ಷವಾಯಿತು. ಯಾರೂ ಗಮನಿಸಿಲ್ಲ.

• ನಿಂಬೆಹಣ್ಣು ಆರಿಸುವಾಗ ಕಣ್ಣಿಗಿಂತ ಕೈ ನಂಬಿ. ಸಿಪ್ಪೆ ತೆಳು, ನುಣುಪು, ಗಾತ್ರಕ್ಕಿಂತ ತೂಕ ಹೆಚ್ಚು ಅನ್ನಿಸಬೇಕು. ದಪ್ಪ ಸಿಪ್ಪೆಯ ದೊಡ್ಡ ಹಣ್ಣು ಬರೀ ಜಂಬ. ನಮ್ಮ ವಿಜಯಪುರ ಜಿಲ್ಲೆಯ ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಆ ಒಣ ಸೀಮೆಯ ಹಣ್ಣಿನ ಘಾಟು, ಹುಳಿ, ರಸ ಮೂರೂ ಚೆನ್ನ. ಆ ಕಡೆಯವರು ಲಿಂಬೆ ಎನ್ನುತ್ತಾರೆ, ನಾವು ನಿಂಬೆ ಎನ್ನುತ್ತೇವೆ. ಹೆಸರು ಯಾವುದಾದರೇನು, ಹುಳಿ ಒಂದೇ.

• ಬೇಸಿಗೆಯಲ್ಲಿ ನಿಂಬೆ ಯಾಕಷ್ಟು ದುಬಾರಿ ಎಂದು ತಿಳಿದುಕೊಂಡರೆ ಮಾರುವವನ ಮೇಲೆ ಸಿಟ್ಟು ಬರುವುದಿಲ್ಲ. ನಿಂಬೆ ಗಿಡದ ದೊಡ್ಡ ಫಸಲು ಬರುವುದು ಮಳೆಗಾಲದಲ್ಲಿ, ಆಗ ಕೇಳುವವರು ಕಡಿಮೆ. ಬೇಸಿಗೆಗೆ ಹಣ್ಣು ಬೇಕೆಂದರೆ ಗಿಡ ಸೆಪ್ಟೆಂಬರ್, ಅಕ್ಟೋಬರ್ ಸುಮಾರಿಗೆ ಹೂ ಬಿಡಬೇಕು. ಅದಕ್ಕಾಗಿ ರೈತರು ನೀರು ನಿಲ್ಲಿಸಿ ಗಿಡವನ್ನು ಒಣಗಿಸುತ್ತಾರೆ, ಆಮೇಲೆ ನೀರು, ಗೊಬ್ಬರ ಕೊಡುತ್ತಾರೆ. ಹಸ್ತ ಬಹಾರ್ ಎನ್ನುತ್ತಾರೆ ಅದನ್ನು. ಒಣಗಿಸಬೇಕಾದ ಹೊತ್ತಿನಲ್ಲಿ ಮಳೆ ಸುರಿದರೆ ಹೂವಿಲ್ಲ, ಹೂವಿಲ್ಲದಿದ್ದರೆ ಬೇಸಿಗೆಗೆ ಹಣ್ಣಿಲ್ಲ. 2022ರ ಏಪ್ರಿಲ್‌ನಲ್ಲಿ ಒಂದು ಹಣ್ಣಿಗೆ ಹತ್ತು ರೂಪಾಯಿ ಕೊಟ್ಟದ್ದು ನೆನಪಿದೆಯಲ್ಲ? ಆ ತಿಂಗಳು ನಮ್ಮ ಬೀದಿಯಲ್ಲಿ ದೃಷ್ಟಿಗೆ ಕಟ್ಟುವ ನಿಂಬೆಯೂ ಚಿಕ್ಕದಾಗಿತ್ತು.

• ಆದ್ದರಿಂದ ಅಗ್ಗವಿದ್ದಾಗ ಕೂಡಿಡಿ. ಆಗಸ್ಟ್‌ನಲ್ಲಿ ನೂರು ಹಣ್ಣು ತಂದು, ರಸ ತೆಗೆದು ಐಸ್ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ ಡಬ್ಬಿಗೆ ತುಂಬಿಡಿ. ಹಿಂಡಿದ ಕೂಡಲೇ ಹೆಪ್ಪುಗಟ್ಟಿದ ರಸಕ್ಕೆ ಕಹಿಯಾಗಲು ಪುರಸೊತ್ತು ಸಿಗುವುದಿಲ್ಲ. ಇನ್ನೊಂದು ದಾರಿ ಸ್ಕ್ವಾಷ್. ಒಂದು ಲೀಟರ್ ರಸಕ್ಕೆ ಎರಡು ಕೆ.ಜಿ. ಸಕ್ಕರೆ, ಒಂದು ಲೀಟರ್ ನೀರು. ಸಕ್ಕರೆ, ನೀರು ಮಾತ್ರ ಕುದಿಸಿ ಪೂರ್ತಿ ಆರಿದ ಮೇಲೆ ರಸ ಬೆರೆಸಿ. ಬಿಸಿಗೆ ಬೆರೆಸಿದರೆ ನಿಂಬೆಯ ಪರಿಮಳ ಹಾರಿ, ಬೇಯಿಸಿದ ವಾಸನೆ ಉಳಿಯುತ್ತದೆ, ಸಿ ಜೀವಸತ್ವವೂ ಕಡಿಮೆಯಾಗುತ್ತದೆ. ಮನೆಯ ಸ್ಕ್ವಾಷಿಗೆ ಕೆಡದಂತೆ ಇಡುವ ಔಷಧಿ ಹಾಕಿರುವುದಿಲ್ಲ, ಫ್ರಿಜ್ಜಿನ ಹೊರಗೆ ಇಡಬೇಡಿ.

• ಇನ್ನು ಹಿಂಡುವ ಮಾತು. ಫ್ರಿಜ್ಜಿನಿಂದ ತೆಗೆದ ಹಣ್ಣು ರಸ ಬಿಡುವುದಿಲ್ಲ, ಅರ್ಧ ಗಂಟೆ ಹೊರಗಿಡಿ. ಹಲಗೆಯ ಮೇಲೆ ಅಂಗೈಯಿಂದ ಒತ್ತಿ ಉರುಳಿಸಿ, ಅಡ್ಡಕ್ಕೆ ಕತ್ತರಿಸಿ, ಬೀಜ ತೆಗೆದು, ಎರಡು ಸಲ ಹಿಂಡಿ ಬಿಸಾಡಿ. ಮೂರನೇ ಸಲ ಹಿಂಡುವಾಗ ಬರುವುದು ರಸವಲ್ಲ, ಸಿಪ್ಪೆಯ ಸೇಡು. ಸಿಪ್ಪೆಯ ಒಳಗಿನ ಬಿಳಿ ಪದರ, ಬೀಜ ಇವುಗಳಲ್ಲಿರುವ ಒಂದು ಸತ್ವ ಮೊದಲಿಗೆ ಕಹಿಯಿರುವುದಿಲ್ಲ. ರಸದ ಹುಳಿಯೊಳಗೆ ಕೂತು ಹೊತ್ತು ಹೋದ ಹಾಗೆ ಲಿಮೋನಿನ್ ಎಂಬ ಕಹಿಯಾಗಿ ಬದಲಾಗುತ್ತದೆ. ನನ್ನ ಅರವತ್ತು ಹಣ್ಣಿಗೆ ಆದದ್ದು ಅದೇ, ರಾತ್ರಿ ರುಚಿ ನೋಡಿದಾಗ ಸರಿಯಾಗಿಯೇ ಇತ್ತು. ಮಿಕ್ಸಿಗೆ ಬೀಜ ಸಮೇತ ಹಾಕಿ ತಿರುಗಿಸುವವರಿಗಂತೂ ರಾತ್ರಿಯವರೆಗೆ ಕಾಯುವ ಕಷ್ಟವೂ ಇಲ್ಲ, ತಕ್ಷಣ ಕಹಿ. ಬಡಿಸುವ ಅರ್ಧ ಗಂಟೆ ಮುಂಚೆ ನಾಲ್ಕು ಕೈ ಸೇರಿಸಿ ಹಿಂಡಿ. 20 ಹಣ್ಣಿಗೆ ಹತ್ತು ನಿಮಿಷ ಸಾಕು, ಮನೆಯ ಗಂಡಸರಿಗೂ ಕೈಗಳಿವೆ.

• ಬಿಸಿಲಿನಲ್ಲಿ ಕೂತು ಹಿಂಡಬೇಡಿ. ನಿಂಬೆ ರಸ ಹತ್ತಿದ ಚರ್ಮಕ್ಕೆ ಬಿಸಿಲು ತಾಗಿದರೆ ಸುಟ್ಟ ಹಾಗೆ ಕೆಂಪಾಗಿ, ಬೊಬ್ಬೆ ಎದ್ದು, ಕಪ್ಪು ಕಲೆ ವಾರಗಟ್ಟಲೆ ಉಳಿಯುತ್ತದೆ. ಟೆರೇಸಿನ ಪಾರ್ಟಿಯಲ್ಲಿ ಶರಬತ್ತು ಮಾಡುವ ಹುಡುಗರಿಗೆ ಇದು ಗೊತ್ತಿರುವುದಿಲ್ಲ. ನೆರಳಿನಲ್ಲಿ ಹಿಂಡಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದು ಹೊರಗೆ ಬನ್ನಿ.

• ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಮೂರೂ ಬೇಡ. ಹುಳಿ ಲೋಹವನ್ನು ತಿನ್ನುತ್ತದೆ, ನಾವು ಆ ನೀರನ್ನು ಕುಡಿಯುತ್ತೇವೆ. ಸ್ಟೀಲು, ಗಾಜು, ಪಿಂಗಾಣಿ, ಮಣ್ಣಿನ ಗಡಿಗೆ ಸರಿ. ಹೊಸ ಗಡಿಗೆಯಾದರೆ ಎರಡು ದಿನ ನೀರು ತುಂಬಿಟ್ಟು ಚೆಲ್ಲಿ, ಇಲ್ಲವಾದರೆ ಪಾನಕ ಮೊದಲ ಮಳೆಯ ಹಾಗೆ ಮಣ್ಣು ಮಣ್ಣು.

• ಬೆಲ್ಲ ಬೇಡದ ದಿನಗಳಿಗೆ ಸಕ್ಕರೆ ಪಾಕ ಒಂದು ಬಾಟಲಿ ಇರಲಿ. ಒಂದು ಕೆ.ಜಿ. ಸಕ್ಕರೆಗೆ ಅರ್ಧ ಲೀಟರ್ ನೀರು ಕುದಿಸಿ, ನೊರೆ ತೆಗೆದು, ಅರ್ಧ ನಿಂಬೆಹಣ್ಣು ಹಿಂಡಿ. ಹುಳಿ ಸೇರಿದರೆ ಪಾಕ ಹರಳುಗಟ್ಟುವುದಿಲ್ಲ. ಹೇಳದೆ ಕೇಳದೆ ನೆಂಟರು ಬಂದಾಗ ಎರಡು ದೊಡ್ಡ ಚಮಚ ಪಾಕ, ಅರ್ಧ ನಿಂಬೆ, ಒಂದು ಲೋಟ ತಣ್ಣೀರು, ಚಿಟಿಕೆ ಉಪ್ಪು. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು ಕೂರುವಷ್ಟರಲ್ಲಿ ಶರಬತ್ತು ಸಿದ್ಧ. ಪಾಕ ಬಿಸಿಯಿರುವಾಗ ಒಂದು ಬಾಟಲಿಗೆ ಕೇಸರಿ, ಇನ್ನೊಂದಕ್ಕೆ ಜಜ್ಜಿದ ಹಸಿಶುಂಠಿ, ಮತ್ತೊಂದಕ್ಕೆ ಲಾವಂಚದ ಬೇರು ಹಾಕಿಟ್ಟರೆ ಒಂದೇ ನಿಂಬೆಗೆ ಮೂರು ವೇಷ.

• ಕೊಡಗಿನ ಕಿತ್ತಳೆ ಸಿಕ್ಕಿದರೆ ನಿಮ್ಮ ಪುಣ್ಯ. ಸಡಿಲ ಸಿಪ್ಪೆ, ಹಸಿರು ಮಿಶ್ರಿತ ಹಳದಿ ಬಣ್ಣ, ಸಿಹಿಯ ಹಿಂದೆಯೇ ಹುಳಿ. ಅದಕ್ಕೂ ಭೌಗೋಳಿಕ ಸೂಚಕ ಇದೆ, ಆದರೆ ರೋಗಕ್ಕೆ ತೋಟಗಳೇ ಹೋಗಿವೆ. ಕಾಫಿ ಗಿಡಗಳ ನಡುವೆ ಮೊದಲಿನಷ್ಟು ಮರಗಳು ಈಗಿಲ್ಲ. ಪೇಟೆಯಲ್ಲಿ ಕೊಡಗಿನದು ಎಂದು ಮಾರುವುದರಲ್ಲಿ ಬಹಳಷ್ಟು ನಾಗಪುರದ್ದು. ಅದೂ ಒಳ್ಳೆಯ ಹಣ್ಣೇ, ಸುಳ್ಳು ಹೇಳುವ ಅಗತ್ಯವಿರಲಿಲ್ಲ. ಡಿಸೆಂಬರ್, ಜನವರಿಯಲ್ಲಿ ಕ್ರಿಸ್‌ಮಸ್, ಹೊಸ ವರ್ಷ, ಸಂಕ್ರಾಂತಿ ಸಾಲಾಗಿ ಬರುತ್ತವೆ, ಕಿತ್ತಳೆಯೂ ಆಗಲೇ ಬರುತ್ತದೆ. ಒಂದು ಲೀಟರ್ ಕಿತ್ತಳೆ ರಸಕ್ಕೆ ಎರಡು ನಿಂಬೆ, ಎರಡು ಟೀ ಚಮಚ ಶುಂಠಿ ರಸ, ಅರ್ಧ ಲೀಟರ್ ತಣ್ಣೀರು, ಚಿಟಿಕೆ ಕಲ್ಲುಪ್ಪು, ಬೇಕಾದರೆ ಸ್ವಲ್ಪ ಪಾಕ. ಹತ್ತು ಪುಟ್ಟ ಲೋಟ ಆಗುತ್ತದೆ. ಕಿತ್ತಳೆ ಒಂದೇ ಇದ್ದರೆ ಸಪ್ಪೆ ಸಿಹಿ, ನಿಂಬೆ ಬಿದ್ದರೇ ಅದಕ್ಕೆ ಮಾತು ಬರುವುದು. ಸಿಪ್ಪೆ ಬಿಸಾಡಬೇಡಿ, ಮರುದಿನ ಗೊಜ್ಜು ಮಾಡಿ.

• ಮೋಸಂಬಿ ರಸ ಎಲ್ಲಕ್ಕಿಂತ ಅವಸರದ್ದು. ಮೊಸಾಂಬಿಕ್‌ನಿಂದ ಹೆಸರು ಪಡೆದ ಈ ಹಣ್ಣಿನ ರಸ ತೆಗೆದು ಎರಡು ಮೂರು ಗಂಟೆ ಇಟ್ಟರೆ ಕಹಿಯಾಗುತ್ತದೆ, ಅದೇ ಲಿಮೋನಿನ್ ಕಾಟ. ಆಸ್ಪತ್ರೆಗೆ ಫ್ಲಾಸ್ಕಿನಲ್ಲಿ ಒಯ್ದ ಮೋಸಂಬಿ ರಸವನ್ನು ರೋಗಿ ಬೇಡ ಎಂದರೆ ಅದು ರೋಗಿಯ ಹಟವಲ್ಲ. ಹಬ್ಬದ ದೊಡ್ಡ ಗುಂಪಿಗೆ ಮೋಸಂಬಿ ಇಟ್ಟುಕೊಳ್ಳಲೇಬೇಡಿ.

• ದೇವನಹಳ್ಳಿ ಚಕ್ಕೋತವನ್ನು ಜ್ಯೂಸ್ ಮಾಡುವುದು ಅಂದರೆ ಪಾಪವೇ. ಆದರೂ ಮಾಡುವುದಾದರೆ ತೊಳೆಯ ಮೇಲಿನ ಪೊರೆ ಪೂರ್ತಿ ಸುಲಿದು, ಒಳಗಿನ ಎಳೆಗಳನ್ನು ಕೈಯಲ್ಲೇ ಬಿಡಿಸಿ, ತಣ್ಣನೆಯ ನಿಂಬೆ ಶರಬತ್ತಿಗೆ ಉದುರಿಸಿ. ಕುಡಿಯುವಾಗ ಮುತ್ತಿನಂತೆ ಬಾಯಲ್ಲಿ ಒಡೆಯುತ್ತವೆ. ಎರಡು ಪುದಿನ ಎಲೆ ಹಾಕಿದರೆ ಸಾಕು, ಬೇರೆ ಅಲಂಕಾರ ಬೇಡ. ಒಂದು ಎಚ್ಚರಿಕೆ: ಚಕ್ಕೋತದಲ್ಲಿರುವ ಕೆಲವು ಅಂಶಗಳು ಕೊಲೆಸ್ಟರಾಲ್, ರಕ್ತದೊತ್ತಡದ ಕೆಲವು ಮಾತ್ರೆಗಳ ಪ್ರಭಾವವನ್ನು ಏರುಪೇರು ಮಾಡುತ್ತವೆ. ನಮ್ಮ ವಯಸ್ಸಿನವರೆಲ್ಲ ಬೆಳಿಗ್ಗೆ ಏನಾದರೊಂದು ಮಾತ್ರೆ ನುಂಗುವವರೇ. ವೈದ್ಯರನ್ನು ಕೇಳಿ ಕುಡಿಯಿರಿ, ಬಡಿಸುವವರು ಇದು ಚಕ್ಕೋತ ಎಂದು ಬಾಯಿಬಿಟ್ಟು ಹೇಳಿ.

• ಹಿತ್ತಲಿನಲ್ಲಿ ಹೇರಳೆ ಮರವಿದ್ದವರು ಭಾಗ್ಯವಂತರು. ಒಂದು ದೊಡ್ಡ ಹೇರಳೆಹಣ್ಣಿನ ರಸ ನಾಲ್ಕೈದು ನಿಂಬೆಗೆ ಸಮ. ಚಿತ್ರಾನ್ನಕ್ಕೆ ಮಾತ್ರವಲ್ಲ, ಬೆಲ್ಲದ ಪಾನಕಕ್ಕೂ ಅದರ ಹದವಾದ ಕಹಿ ಒಗ್ಗುತ್ತದೆ. ಗಜನಿಂಬೆಯೂ ಆದೀತು. ಮಾದಲದ ಹಣ್ಣು ಬರೀ ಸಿಪ್ಪೆ, ರಸಕ್ಕೆ ಅದನ್ನು ಕೇಳಬೇಡಿ. ಉಪ್ಪಿನಕಾಯಿಗೆ ಹೋಗಲಿ.

• ಸೋಡ ಕೊನೆಗೆ, ಕುಡಿಯುವವರ ಕಣ್ಣೆದುರೇ. ಉಪ್ಪನ್ನು ಸೋಡಕ್ಕೆ ಹಾಕಿದರೆ ನೊರೆ ಉಕ್ಕಿ ಅರ್ಧ ಲೋಟ ಮೇಜಿನ ಪಾಲು. ಉಪ್ಪು, ನಿಂಬೆ, ಪಾಕ ಮೊದಲು ಕಲಸಿ ಲೋಟದ ತಳಕ್ಕೆ ಹಾಕಿ, ಲೋಟ ಓರೆ ಮಾಡಿ ಸೋಡ ಇಳಿಸಿ. ಗೋಲಿ ಸೋಡ ಸಿಗುವ ಊರಾದರೆ ಒಂದು ಕ್ರೇಟು ತರಿಸಿ. ಹಿರಮ್ ಕಾಡ್ ಎಂಬ ಇಂಗ್ಲೆಂಡಿನವ 1870ರ ದಶಕದಲ್ಲಿ ಕಂಡುಹಿಡಿದ ಬಾಟಲಿ ಅದು. ಗೋಲಿ ಒಳಕ್ಕೆ ಬೀಳುವ ಸದ್ದಿಗೇ ಮಕ್ಕಳು ಅರ್ಧ ಬಾಯಾರಿಕೆ ಮರೆಯುತ್ತಾರೆ.

• ಕಬ್ಬಿನ ಹಾಲಿಗೆ ಅರೆಯುವಾಗಲೇ ನಿಂಬೆ, ಶುಂಠಿ ಸೇರಲಿ. ಕಪ್ಪಾಗುವುದು ನಿಧಾನವಾಗುತ್ತದೆ. ಆದರೂ ಕಾಲು ಗಂಟೆಯೊಳಗೆ ಕುಡಿದು ಮುಗಿಸಿ.

• ಬಾದಾಮಿ ಹಾಲಿನ ಲೋಟವನ್ನು ತೊಳೆಯದೆ ನಿಂಬೆ ಶರಬತ್ತು ಹಾಕುವ ಸೋಮಾರಿಗಳಿಗೆ ಏನು ಹೇಳಲಿ? ಒಡೆದ ಹಾಲು ನೋಡಿ ಕಲಿಯುತ್ತಾರೆ.

• ಪಾನಕವಿದ್ದಲ್ಲಿ ಮಜ್ಜಿಗೆ ಇರಲೇಬೇಕು. ಜೊತೆಗೆ ಹೆಸರುಬೇಳೆ ಕೋಸಂಬರಿ ಎಂಬುದನ್ನು ಬೇರೆ ಹೇಳಬೇಕೆ? ಸಕ್ಕರೆ ಕಾಯಿಲೆಯವರನ್ನು ಪಾನಕದ ಮುಂದೆ ನಿಲ್ಲಿಸಿ ಸಂಕಟಕ್ಕೆ ಸಿಕ್ಕಿಸಬೇಡಿ. ನಿಂಬೆ ಎಲೆ ಅಥವಾ ಹೇರಳೆ ಎಲೆಯ ನಡುವಿನ ನಾರು ತೆಗೆದು, ಉಪ್ಪು, ಹಸಿಶುಂಠಿ, ಇಂಗಿನ ಜೊತೆ ಜಜ್ಜಿ ಮಜ್ಜಿಗೆಗೆ ಹಾಕಿ, ಹತ್ತು ನಿಮಿಷ ಬಿಟ್ಟು ಸೋಸಿ. ಹಣ್ಣಿಲ್ಲದೆ ಹಣ್ಣಿನ ಘಮ. ನಿಂಬೆ ಹತ್ತು ರೂಪಾಯಿಯಾದ ಆ ವರ್ಷ ನಮ್ಮ ಮನೆಯ ರಾಮನವಮಿಯ ಮಾನ ಉಳಿಸಿದ್ದು ಈ ಎಲೆ. ರಕ್ತದೊತ್ತಡ ಇರುವವರಿಗೆ ಉಪ್ಪು ಕಡಿಮೆ ಹಾಕಿದ ಒಂದು ತಂಬಿಗೆ ಪಕ್ಕಕ್ಕಿಡಿ.

• ಐಸು ಮನೆಯದೇ ಇರಲಿ, ಕುದಿಸಿ ಆರಿಸಿದ ನೀರಿನದು. ಮಾರುಕಟ್ಟೆಯ ದೊಡ್ಡ ಗಡ್ಡೆ ಮೀನು ತಣ್ಣಗಿಡಲು ಮಾಡಿದ್ದೋ, ಕುಡಿಯಲು ಮಾಡಿದ್ದೋ ಕೇಳದೆ ತರಬೇಡಿ. ಕೊಳಗದೊಳಗೆ ಐಸು ಸುರಿಯುವುದೂ ತಪ್ಪು, ಕೊನೆಯಲ್ಲಿ ಬಂದವರಿಗೆ ಬರೀ ನೀರು ಸಿಗುತ್ತದೆ. ಪಾನಕವನ್ನೇ ಸ್ವಲ್ಪ ತೆಗೆದು ಐಸು ಮಾಡಿ ತೇಲಿಬಿಡಿ, ಕರಗಿದರೂ ರುಚಿ ಕೆಡದು. ನಿಂಬೆ ಹಿಂಡುವ ಮೊದಲಿನ ಪಾನಕದ್ದು, ಮರೆಯಬೇಡಿ.

• ಹೊರದೇಶದಲ್ಲಿರುವ ಮಕ್ಕಳಿಗೆ ಒಂದು ಮಾತು. ಅಮೆರಿಕದ ಅಂಗಡಿಯಲ್ಲಿ ಸಿಗುವ ದೊಡ್ಡ, ಬೀಜವಿಲ್ಲದ ಹಸಿರು ಲೈಮು ಪರ್ಷಿಯನ್ ಜಾತಿ. ಘಾಟು ಕಡಿಮೆ, ರಸ ಹೆಚ್ಚು. ಕೀ ಲೈಮ್ ಎಂದು ಪುಟ್ಟ ಚೀಲದಲ್ಲಿ ಮಾರುತ್ತಾರಲ್ಲ, ಅದೇ ನಮ್ಮ ನಿಂಬೆ. ಹಸಿರಾಗಿ ಮಾರುತ್ತಾರೆ, ನಾಲ್ಕು ದಿನ ಹೊರಗಿಟ್ಟು ಹಳದಿಯಾದ ಮೇಲೆ ಹಿಂಡಿ.

• ಬಡಿಸುವುದು ಹೇಗೆ ಎಂದು ಹೇಳದಿದ್ದರೆ ಮೇಲಿನದೆಲ್ಲ ದಂಡ. ಬಂದವರನ್ನು "ಏನು ತಗೋತೀರಿ?" ಎಂದು ಕೇಳಬೇಡಿ. ಮರ್ಯಾದಸ್ಥರು "ಏನೂ ಬೇಡ" ಎನ್ನುತ್ತಾರೆ, ಬಾಯಾರಿಕೊಂಡೇ ಹೋಗುತ್ತಾರೆ. ಕೈಗೆ ಲೋಟ ಕೊಡಿ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ರಾಮನವಮಿಯ ದಿನ ಬೀದಿಬದಿಗೆ ಚಪ್ಪರ ಹಾಕಿ ಪಾನಕ ಕೊಡುವವರನ್ನು ನೋಡಿ, ನೀವು ಯಾರು, ಯಾವ ಊರು ಎಂದು ಕೇಳುವುದಿಲ್ಲ. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಸಂಗೀತೋತ್ಸವ 1939ರಲ್ಲಿ ಶುರುವಾದದ್ದು. ಅಲ್ಲಿಗೆ ಕಚೇರಿ ಕೇಳಲು ನಡೆದು ಹೋಗುತ್ತಿದ್ದ ನಮಗೆ ದಾರಿಯುದ್ದಕ್ಕೂ ಪಾನಕ ಕುಡಿದು ಕುಡಿದು ಮೊದಲ ಕೀರ್ತನೆ ಮುಗಿಯುವ ಹೊತ್ತಿಗೆ ಎದ್ದು ಹೋಗಬೇಕಾಗುತ್ತಿತ್ತು. ಅದಿರಲಿ. ಮೊದಲ ಲೋಟ ಗೇಟಿನಲ್ಲಿ ಬಿಸಿಲಿಗೆ ನಿಂತ ವಾಚ್‌ಮನ್‌ಗೆ, ಗಾಡಿಯಲ್ಲಿ ಕಾಯುತ್ತಿರುವ ಡ್ರೈವರ್‌ಗೆ. ಒಳಗಿನವರಿಗೆ ಕೊಟ್ಟಂಥ ಲೋಟದಲ್ಲೇ ಕೊಡಿ.

• ಪ್ಲಾಸ್ಟಿಕ್ ಲೋಟ ಬೇಡವೆಂದು ಮೊಮ್ಮಗಳಿಗೆ ನನ್ನ ಐವತ್ತು ಸ್ಟೀಲ್ ಲೋಟ ಕಳಿಸಿದ್ದೇನೆ, ಅತ್ತೆಯ ಹೆಸರು ಕೊರೆಸಿದವು. ಹೋದ ಸಲ ಇನ್ನೊಬ್ಬರ ಮನೆಯ ಹಬ್ಬಕ್ಕೆ ಹೋಗಿ ಮೊದಲಿಗೆ ನಲವತ್ತಾರೇ ಬಂದಿದ್ದವು. ಈ ಸಲ ಎಣಿಸಿ ತಾ ಪುಟ್ಟೀ.